ಮಾವನವರ ಕೋಣೆಯಲ್ಲಿ ತೀರಿಕೊಂಡ ದೊಡ್ಡಪ್ಪ

ಅರವತ್ತು ದಾಟುವವರೆಗೆ ನಮ್ಮ ಮಾವನವರಿಗೆ ತಮ್ಮದೂ ಅಂತ ಒಂದು ಕೋಣೆ ಇರಲಿಲ್ಲ. ವಠಾರದ ಇಕ್ಕಟ್ಟು ಮನೆಯಲ್ಲಿ ಅಪ್ಪ, ಅಮ್ಮ, ತಂಗಿಯರು, ಮಕ್ಕಳ ನಡುವೆ ಸಂಸಾರ ಮಾಡಿ, ಕೊನೆಗೊಮ್ಮೆ ಸೈಟು ಸಿಕ್ಕಿ, ಜೆ.ಪಿ. ನಗರದಲ್ಲಿ ಮನೆ ಕಟ್ಟಿ, ರಿಟೈರ್ ಆದ ಮೇಲೆ ಪೂರ್ವಕ್ಕೆ ಕಿಟಕಿಯಿರುವ, ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಒಂದು ಕೋಣೆ ಅವರಿಗೆ ದಕ್ಕಿತು. ಅದರಲ್ಲಿ ಒಂದು ಮಂಚ, ಒಂದು ರೇಡಿಯೋ, ಒಂದು ಆರಾಮ ಕುರ್ಚಿ. ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಆ ಕೋಣೆಗೆ ಬೀಗ ಬಿತ್ತು. ಕಾರಣ, ಒಳಗೆ ಒಬ್ಬರು ತೀರಿಕೊಂಡಿದ್ದರು. ತೀರಿಕೊಂಡವರು ನಮ್ಮ ಮನೆಯವರಲ್ಲ, ನೆಂಟರೂ ಅಲ್ಲ. ನಿಜ ಹೇಳಬೇಕೆಂದರೆ ಅವರು ತೀರಿಕೊಂಡೂ ಇರಲಿಲ್ಲ.

ಆಗ ಟಿ.ವಿ.ಯಲ್ಲಿ ವಾರಕ್ಕೊಮ್ಮೆ ಒಂದು ಧಾರಾವಾಹಿ ಬರುತ್ತಿತ್ತು. ಇದ್ದದ್ದೇ ಒಂದು ಚಾನೆಲ್, ಹಾಗಾಗಿ ಇಷ್ಟವಾಯಿತೋ ಇಲ್ಲವೋ ಎಂಬ ಪ್ರಶ್ನೆ ಯಾರಿಗೂ ಏಳುತ್ತಿರಲಿಲ್ಲ. ಅದು ಬರುವ ಹೊತ್ತಿಗೆ ಜಯನಗರದಿಂದ ಬನಶಂಕರಿವರೆಗೆ ರಸ್ತೆಯಲ್ಲಿ ನಾಯಿಗಳು ಮಾತ್ರ ಇರುತ್ತಿದ್ದವು. ಆ ಧಾರಾವಾಹಿಯ ಕೂಡುಕುಟುಂಬದ ಹಿರಿಯನನ್ನು ಎಲ್ಲರೂ ದೊಡ್ಡಪ್ಪ ಎಂದು ಕರೆಯುತ್ತಿದ್ದರು. ದೊಡ್ಡಪ್ಪ ಎಂದೂ ಗದರುತ್ತಿರಲಿಲ್ಲ, ಸೊಸೆಯರಿಗೆ ಮಲ್ಲಿಗೆ ಹೂವು ತರುತ್ತಿದ್ದ, ಹೆಂಡತಿಗೆ ಜ್ವರ ಬಂದರೆ ತಾನೇ ಗಂಜಿ ಕಾಯಿಸುತ್ತಿದ್ದ. ಅಂಥ ಗಂಡಸು ದಕ್ಷಿಣ ಬೆಂಗಳೂರಿನಲ್ಲಿ ಎಲ್ಲಿಯೂ ಇರಲಿಲ್ಲವಾದ್ದರಿಂದ ಹೆಂಗಸರೆಲ್ಲ ಅವನನ್ನು ಭಕ್ತಿಯಿಂದ ನೋಡುತ್ತಿದ್ದರು. ಅವನು ಗಂಜಿ ಕಾಯಿಸಿದ ವಾರ ನಮ್ಮತ್ತೆ ಮಾವನವರ ಕಡೆಗೊಮ್ಮೆ ತಿರುಗಿ ನೋಡಿದ್ದು ನನಗೆ ಇನ್ನೂ ನೆನಪಿದೆ. ಮಾವ ಪೇಪರ್ ಮಡಚಿ ಎದ್ದು ಹೋದರು.

ದೊಡ್ಡಪ್ಪನ ಮನೆಯ ಒಳಭಾಗ ನಮ್ಮ ಮನೆ. ರೆಡ್‌ಆಕ್ಸೈಡ್ ನೆಲ, ನಡುವೆ ಎರಡು ಕಂಬ, ದೊಡ್ಡ ಹಾಲ್ ನೋಡಿ ಧಾರಾವಾಹಿಯವರು ಶೂಟಿಂಗಿಗೆ ಬಂದು ಕೇಳಿದ್ದರು. ಮಾವ ಬೇಡ ಎಂದರು, ಅತ್ತೆ ಆಗಲಿ ಎಂದರು. ಆಗಲಿ ಎಂದೇ ಆಯಿತು. ಶೂಟಿಂಗ್ ದಿನಗಳಲ್ಲಿ ನಾವು ಹಿತ್ತಲಲ್ಲಿ ಸೀಮೆಎಣ್ಣೆ ಸ್ಟೌವ್ ಇಟ್ಟುಕೊಂಡು ಅಡುಗೆ ಮಾಡಿಕೊಳ್ಳುತ್ತಿದ್ದೆವು. ನಮ್ಮ ಅಡುಗೆಮನೆಯಲ್ಲಿ ಧಾರಾವಾಹಿಯ ಸೊಸೆ ಖಾಲಿ ಪಾತ್ರೆಯಲ್ಲಿ ಸೌಟು ಆಡಿಸುತ್ತಿದ್ದಳು.

ದೊಡ್ಡಪ್ಪನನ್ನು ಸಾಯಿಸಬೇಕು ಅಂತಾದಾಗ ಮಾವನವರ ಕೋಣೆ, ಮಾವನವರ ಮಂಚ, ಕೊನೆಗೆ ಹೊದಿಸಲು ಮಾವನವರದೇ ಬಿಳಿ ಪಂಚೆ. ದೊಡ್ಡಪ್ಪನ ಪಾತ್ರದ ಕಲಾವಿದರು ಬಹಳ ಒಳ್ಳೆಯವರು. ಬೆಳಗ್ಗೆ ಬಂದು ಉಪ್ಪಿಟ್ಟು ತಿಂದು, ಮಂಚದ ಮೇಲೆ ಮಲಗಿ, ಚೆನ್ನಾಗಿ ಸತ್ತರು. ಅಂಗಳದಲ್ಲಿ ಚಟ್ಟ ಕಟ್ಟಿದರು. ಲೈಟ್ ಸರಿಮಾಡುವಷ್ಟರಲ್ಲಿ ಹೆಣ ಎದ್ದು ಕುಳಿತು ಒಂದು ಬೀಡಿ ಸೇದಿತು. ಇದನ್ನೆಲ್ಲ ಅತ್ತೆ ಬಾಗಿಲ ಸಂದಿಯಲ್ಲಿ ನಿಂತು ಕಣ್ಣಾರೆ ನೋಡಿದ್ದರು. ಆಮೇಲೆ ಮಾವನವರು ಅದೇ ಮಂಚದ ಮೇಲೆ ಅದೇ ದಿನ ಮಧ್ಯಾಹ್ನದ ನಿದ್ದೆಯನ್ನೂ ಮಾಡಿದರು. ಆಗ ಯಾರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ.

ತೊಂದರೆ ಶುರುವಾದದ್ದು ಎಷ್ಟೋ ವಾರಗಳಾದ ಮೇಲೆ, ಆ ಸಾವು ಟಿ.ವಿ.ಯಲ್ಲಿ ಬಂದ ಮೇಲೆ. ಮಾರನೆಯ ದಿನ ಬೆಳಗ್ಗೆ ಹಾಲು ಕಾಯಿಸುವ ಮೊದಲೇ ಹಿಂದಿನ ರಸ್ತೆಯ ಇಬ್ಬರು ಹೆಂಗಸರು ಗೇಟಿನ ಬಳಿ ನಿಂತಿದ್ದರು. ಒಳಗೆ ಬಂದು ಕುಳಿತರು. ಸ್ವಲ್ಪ ಹೊತ್ತು ನೆಲ ನೋಡಿದರು. "ಎಂಥಾ ಜೀವ ರೀ," ಎಂದರು ಒಬ್ಬರು. ನಾನು ಕಾಫಿ ತಂದರೆ ಕೈ ಅಡ್ಡ ಹಿಡಿದು, "ಬೇಡಮ್ಮ, ಇಂಥಾ ಹೊತ್ನಲ್ಲಿ ಕುಡೀಬಾರದು," ಎಂದರು. ಕೋಣೆ ನೋಡಿದರು, ಮಂಚ ನೋಡಿದರು, ಕಣ್ಣೊರೆಸಿಕೊಂಡರು. ಹೊರಡುವಾಗ ಹೋಗಿಬರುತ್ತೇನೆ ಎನ್ನಲಿಲ್ಲ. ಸಾವಿನ ಮನೆಯಲ್ಲಿ ಹಾಗೆ ಹೇಳಬಾರದಲ್ಲ, ಸುಮ್ಮನೆ ಎದ್ದು ಹೊರಟರು. ಅವರ ಮನೆಬಾಗಿಲಲ್ಲಿ ಸ್ನಾನಕ್ಕೆ ಬಕೆಟ್ಟಿನಲ್ಲಿ ನೀರು ಇಟ್ಟಿತ್ತು ಎಂದು ಆಮೇಲೆ ನಮ್ಮ ಹಾಲಿನವಳು ಹೇಳಿದಳು.

ಆ ಭಾನುವಾರ ಚಿಕ್ಕಲ್ಲಸಂದ್ರದಿಂದ ಒಂದು ಕುಟುಂಬ ಬಂತು. ಬಿ.ಟಿ.ಎಂ. ಲೇಔಟ್‌ನಿಂದ ಒಂದು ಮಹಿಳಾ ಸಮಾಜ ಬಂತು. ಜನ ಚಪ್ಪಲಿ ಬಿಟ್ಟು ಒಳಗೆ ಬಂದು, ಧಾರಾವಾಹಿಯಲ್ಲಿ ನೋಡಿದ ಕಂಬಗಳನ್ನು ಮುಟ್ಟಿ, ಕೋಣೆಯ ಹೊಸ್ತಿಲ ಬಳಿ ನಿಂತು ಉಸಿರುಬಿಡುತ್ತಿದ್ದರು. ಒಳಗೆ ಮಂಚದ ಮೇಲೆ ಮಾವ ಬನಿಯನ್ನಿನಲ್ಲಿ ಕುಳಿತು ರೇಡಿಯೋ ಕೇಳುತ್ತಿರುತ್ತಿದ್ದರು.

"ನೀವ್ಯಾರು ಸಾರ್?" ಎಂದು ಮಹಿಳಾ ಸಮಾಜದವರೊಬ್ಬರು ಕೇಳಿದರು.

"ಈ ರೂಮಿನೋನು."

"ಪಾಪ, ನಿಮಗೆ ಎಷ್ಟು ಕಷ್ಟ ಆಗಿರಬೇಕು," ಎಂದು ಆಕೆ ನಿಜವಾಗಿಯೂ ಮರುಗಿದರು.

ಹೀಗೆ ಬಂದವರಲ್ಲಿ ಯಾರೋ ಪುಣ್ಯಾತ್ಗಿತ್ತಿ ಅತ್ತೆಯ ಕಿವಿಯಲ್ಲಿ ಊದಿ ಹೋದದ್ದು ಒಂದೇ ಮಾತು. ದೊಡ್ಡಪ್ಪ ಹೋದ ನಕ್ಷತ್ರ ಒಳ್ಳೆಯದಲ್ಲವಂತೆ, ಧನಿಷ್ಠಾ ಪಂಚಕವಂತೆ. ಪಂಚಾಂಗ ಗೊತ್ತಿಲ್ಲದವರಿಗೂ ಇಷ್ಟು ಗೊತ್ತಿರುತ್ತದೆ: ಆ ಐದು ನಕ್ಷತ್ರಗಳಲ್ಲಿ ಯಾರಾದರೂ ತೀರಿಕೊಂಡರೆ ಮನೆಯನ್ನು ಕೆಲವು ತಿಂಗಳು ಮುಚ್ಚಿಬಿಡಬೇಕು. ಅತ್ತೆ ಸೀರೆ ಬದಲಾಯಿಸಿ ಪುರೋಹಿತರ ಮನೆಗೆ ಹೊರಟರು. ನನ್ನನ್ನೂ ಕರೆದುಕೊಂಡು ಹೋದರು. ನಾನು ಜಯನಗರದ ಒಂದು ಶಾಲೆಯಲ್ಲಿ ಟೀಚರು, ಬೇಸಿಗೆ ರಜೆ, ತಪ್ಪಿಸಿಕೊಳ್ಳಲು ನೆಪವಿರಲಿಲ್ಲ.

ಪುರೋಹಿತರು ನಗುತ್ತಾರೆ ಎಂದುಕೊಂಡಿದ್ದೆ. ಅವರು ಪಂಚಾಂಗ ತೆರೆದರು. ಅವರ ಮನೆಯಲ್ಲೂ ಟಿ.ವಿ. ಇತ್ತು.

"ಶೂಟಿಂಗ್ ಆದ ದಿನ ಯಾವುದು?" ಎಂದರು. ಅತ್ತೆ ಹೇಳಿದರು. "ಅವತ್ತು ರೇವತಿ ಕಳೆದು ಅಶ್ವಿನಿ, ದೋಷ ಇಲ್ಲ," ಎಂದರು. ನನಗೆ ಸಮಾಧಾನವಾಯಿತು. "ಟಿ.ವಿ.ಲಿ ಬಂದ ದಿನ ಮಾತ್ರ ಶತಭಿಷಾ, ಪಂಚಕದೊಳಗೇ," ಎಂದರು. ನನ್ನ ಸಮಾಧಾನ ಹೋಯಿತು.

"ಹಾಗಾದ್ರೆ ಯಾವುದನ್ನ ಹಿಡಿಯೋದು?" ಎಂದರು ಅತ್ತೆ.

"ಸೂತಕ ಯಾವತ್ತಿಂದ ಹಿಡೀತಾರೆ ಹೇಳಿ? ಕಾಶೀಲಿ ಯಾರೋ ಹೋದ್ರು ಅಂದ್ಕೊಳ್ಳಿ, ನಮಗೆ ಸುದ್ದಿ ಮುಟ್ಟಿದ ದಿನದಿಂದ ತಾನೇ? ಊರಿಗೆಲ್ಲ ಸುದ್ದಿ ಮುಟ್ಟಿದ್ದು ಟಿ.ವಿ.ಲಿ ಬಂದಾಗ."

ನಾನು ಬಾಯಿ ತೆರೆದೆ. "ಅವರು ಸತ್ತೇ ಇಲ್ವಲ್ಲ ಶಾಸ್ತ್ರಿಗಳೇ, ನಾಟಕ ಅದು."

ಅವರು ನನ್ನನ್ನು ಕನಿಕರದಿಂದ ನೋಡಿದರು. "ನಾಟಕ ಅಂತ್ಲೇ ಇಡೀ ಮನೆ ಬೇಡ ಅಂತಿದೀನಮ್ಮ. ನಿಜವಾದ ಸಾವಾಗಿದ್ರೆ ನೀವೆಲ್ಲ ಬಾಡಿಗೆ ಮನೆ ನೋಡ್ಕೋಬೇಕಿತ್ತು. ಆ ಕೋಣೆ ಒಂದು ಮೂರು ತಿಂಗಳು ಮುಚ್ಚಿ, ಸಾಕು."

ಇದಕ್ಕಿಂತ ಹೆಚ್ಚಿನ ರಿಯಾಯಿತಿ ಶಾಸ್ತ್ರದಲ್ಲಿ ಸಿಗುವಂತಿರಲಿಲ್ಲ. ಅವತ್ತೇ ಸಂಜೆ ಅತ್ತೆ ರೇಡಿಯೋ, ಕುರ್ಚಿ, ಮಾವನವರ ಕನ್ನಡಕದ ಡಬ್ಬಿ ಎಲ್ಲವನ್ನೂ ಹೊರಗಿಟ್ಟು ಬೀಗ ಹಾಕಿ, ಬೀಗದಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಮಾವ ಕೂಗಾಡಿದರು. ನಲವತ್ತು ವರ್ಷ ಸರ್ಕಾರದ ಕೆಲಸ ಮಾಡಿದ ಮನುಷ್ಯ, ಯಾವನೋ ವೇಷ ಹಾಕಿಕೊಂಡು ಸತ್ತ ಅಂತ ವರಾಂಡದಲ್ಲಿ ಮಲಗಬೇಕೇ ಎಂದರು. ಅತ್ತೆ ಹಾಲ್‌ನಲ್ಲಿ ಹಾಸಿಗೆ ಹಾಸಿದರು. ಮಾವ ಅದನ್ನು ಸುತ್ತಿಕೊಂಡು ಹೋಗಿ, ಹಟಕ್ಕೆ, ವರಾಂಡದಲ್ಲೇ ಹಾಸಿಕೊಂಡರು. ನನ್ನ ಗಂಡ ಈ ವಿಷಯದಲ್ಲಿ ಯಾರ ಪಕ್ಷವನ್ನೂ ವಹಿಸದೆ ಫ್ಯಾಕ್ಟರಿಯಲ್ಲಿ ಓವರ್‌ಟೈಮ್ ಒಪ್ಪಿಕೊಂಡರು.

ವರಾಂಡದಲ್ಲಿ ಸೊಳ್ಳೆಗಳಿದ್ದವು. ಬೆಳಗಾದರೆ ದುಃಖ ವಿಚಾರಿಸುವವರು ಅವರ ಹಾಸಿಗೆ ದಾಟಿಕೊಂಡು ಒಳಗೆ ಬರುತ್ತಿದ್ದರು. ಬೀಗ ಬಿದ್ದ ಮೇಲಂತೂ ಕೋಣೆಯ ಮಹಿಮೆ ಇನ್ನೂ ಹೆಚ್ಚಿತು. ವಾರ ಕಳೆಯುವಷ್ಟರಲ್ಲಿ ಮಾವ ಒಂದು ತೀರ್ಮಾನಕ್ಕೆ ಬಂದರು.

"ನಡಿಯಮ್ಮ, ಡೈರೆಕ್ಟರನ್ನ ನೋಡಿ ಬರೋಣ," ಎಂದರು ನನಗೆ. "ಅವನೇ ಸಾಯಿಸಿದ್ದು, ಅವನೇ ಬದುಕಿಸಲಿ. ದೊಡ್ಡಪ್ಪನಿಗೆ ಮೂರ್ಛೆ ಬಂದಿತ್ತು ಅಂತ ಒಂದು ಸೀನ್ ಹಾಕಿದ್ರೆ ಮುಗೀತು. ಸತ್ತೇ ಇಲ್ಲ ಅಂದ್ಮೇಲೆ ಬೀಗ ಯಾಕೆ?"

ಎಷ್ಟಾದರೂ ಫೈಲುಗಳ ನಡುವೆ ಬೆಳೆದ ಬುದ್ಧಿ. ಆದೇಶ ಹೊರಡಿಸಿದವರೇ ಅದನ್ನು ರದ್ದು ಮಾಡಬೇಕು ಎಂಬುದು ಅವರಿಗೆ ರಕ್ತಗತ. ನನಗೂ ಮನೆಯಲ್ಲಿ ಕುಳಿತು ಬಂದವರಿಗೆಲ್ಲ ಕಂಬ ತೋರಿಸಿ ಸಾಕಾಗಿತ್ತು. ಹೊರಟೆ.

ಡೈರೆಕ್ಟರ್ ಎಲ್ಲಿ ಸಿಗುತ್ತಾರೆ ಎಂದು ಗೊತ್ತಿರಲಿಲ್ಲ, ಹಾಗಾಗಿ ಧಾರಾವಾಹಿಯಲ್ಲಿ ನೋಡಿದ ಜಾಗಗಳನ್ನೇ ಒಂದೊಂದಾಗಿ ಹುಡುಕಿಕೊಂಡು ಹೋದೆವು. ಮೊದಲು ಜಯನಗರದ ಬಂಗಲೆ. ದೊಡ್ಡಪ್ಪನ ಮನೆಯ ಗೇಟು ಮತ್ತು ಮುಂಭಾಗ ಅದು. ಧಾರಾವಾಹಿಯಲ್ಲಿ ಸೊಸೆ ಜಯನಗರದ ಗೇಟು ತಳ್ಳಿ ಎರಡೇ ಹೆಜ್ಜೆಗೆ ಜೆ.ಪಿ. ನಗರದ ನಮ್ಮ ಹಾಲ್‌ಗೆ ಬಂದುಬಿಡುತ್ತಿದ್ದಳು. ನಮಗೆ ಬಸ್ಸು ಕಾದು ಹೋಗುವಷ್ಟರಲ್ಲಿ ಬೆವರಿಳಿಯಿತು. ಗೇಟಿನ ಮುಂದೆ ಆಗಲೇ ಜನರಿದ್ದರು. ಬಂಗಲೆಯವರು ಕಾಟ ತಡೆಯಲಾರದೆ ಯಾವಾಗಲೋ ಒಂದು ಬೋರ್ಡು ನೇತುಹಾಕಿದ್ದರು: "ದೊಡ್ಡಪ್ಪ ಇಲ್ಲಿ ಇಲ್ಲ." ಈಗ ಅದನ್ನು ಓದಿದವರೆಲ್ಲ ಇನ್ನಷ್ಟು ಅಳುತ್ತಿದ್ದರು.

ಬಂಗಲೆಯ ಯಜಮಾನಿ ಕಾಂಪೌಂಡಿನ ಒಳಗಿನಿಂದ ನಮ್ಮನ್ನೂ ಗದರಿಸಿದರು. ಮಾವ, "ಮೇಡಂ, ನಾವು ಒಳಗಿನ ಮನೆಯೋರು," ಎಂದರು. ಆಕೆಯ ಮುಖ ಬದಲಾಯಿತು. ಗೇಟು ತೆಗೆಸಿ, ನೀರು ಕೊಟ್ಟು, "ನಿಮ್ಮ ಕಡೆನೂ ಹೀಗೇನಾ?" ಎಂದು ಕೇಳಿದರು. ಮಾವ ಎಲ್ಲ ಹೇಳಿಕೊಂಡರು. ಶೂಟಿಂಗ್‌ನವರು ಉತ್ತರಹಳ್ಳಿ ಕೆರೆಯ ಕಡೆ ಇದ್ದಾರಂತೆ ಎಂದು ಆಕೆಯೇ ಹೇಳಿದ್ದು.

ಮಾರನೆಯ ದಿನ ಉತ್ತರಹಳ್ಳಿಗೆ ಹೋದೆವು. ದೊಡ್ಡಪ್ಪ ದಿನಾ ಬೆಳಗ್ಗೆ ಕೆರೆ ಏರಿಯ ಮೇಲೆ ನಡೆದು ಬಂದು ಒಂದು ಕಲ್ಲಿನ ಮೇಲೆ ಕುಳಿತು ಮೊಮ್ಮಗಳಿಗೆ ಬುದ್ಧಿಮಾತು ಹೇಳುತ್ತಿದ್ದ. ಶೂಟಿಂಗ್‌ನವರು ಅಲ್ಲಿರಲಿಲ್ಲ. ಕಲ್ಲು ಇತ್ತು. ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಹೂವಿಟ್ಟು, ಮುಂದೆ ಊದುಬತ್ತಿ ಸಿಕ್ಕಿಸಿದ್ದರು. ಪಕ್ಕದಲ್ಲಿ ಬಟ್ಟೆಯ ಗಂಟು ಇಟ್ಟುಕೊಂಡು ಒಬ್ಬ ಹೆಂಗಸು ಮಂಕಾಗಿ ಕುಳಿತಿದ್ದಳು.

"ಇದು ಯಾವ ದೇವರಮ್ಮ?" ಎಂದರು ಮಾವ, ಗೊತ್ತಿದ್ದೂ.

"ಅಯ್ಯೋ, ನಾನು ಬಟ್ಟೆ ಒಗೆಯೋ ಕಲ್ಲು ಸಾಮಿ. ಯಾರೋ ಸಿಟಿಯೋರು ಬಂದು ಪೂಜೆ ಮಾಡ್‌ಬುಟ್ಟು ಹೋದ್ರು. ಈಗ ಅದ್ರ ಮ್ಯಾಲೆ ಬಟ್ಟೆ ಒಗೆಯಕ್ಕೆ ನಂಗೆ ಬಯ ಆಯ್ತದೆ."

"ನೀನು ಒಗಿಯಮ್ಮ. ಏನೂ ಆಗಲ್ಲ," ಎಂದರು ಮಾವ.

"ನೀವು ಹೇಳ್ತೀರ. ಆಮ್ಯಾಕೆ ನಮ್ ಮಕ್ಕಳಿಗೆ ಏನಾದ್ರೂ ಆದ್ರೆ?"

ಮಾವ ದಾರಿಯುದ್ದಕ್ಕೂ ನಮ್ಮ ದೇಶ ಉದ್ಧಾರವಾಗುವುದಿಲ್ಲ ಎಂದು ಹೇಳಿಕೊಂಡು ಬಂದರು. ನಾನು ಹೂಂಗುಟ್ಟಿದೆ. ಆದರೆ ಅವರ ಕಣ್ಣ ಕೆಳಗೆ ಕಪ್ಪಾಗಿತ್ತು. ವರಾಂಡದ ನಿದ್ದೆ ಅವರಿಗೆ ಹಿಡಿಸಿರಲಿಲ್ಲ. ಬಸ್ಸಿನಲ್ಲಿ ಕಿಟಕಿ ನೋಡುತ್ತಾ ಇದ್ದಕ್ಕಿದ್ದಂತೆ, "ಆ ಸೀರಿಯಲ್ ಮುದುಕ ಸತ್ತಾಗ ಇವಳು ಎರಡು ದಿನ ಸರಿಯಾಗಿ ಊಟ ಮಾಡ್ಲಿಲ್ಲ," ಎಂದರು. "ನನಗೆ ಟೈಫಾಯ್ಡ್ ಆದಾಗ ಹಪ್ಪಳ ಒತ್ತುತಿದ್ಲು." ನನಗೆ ನಗು ಬಂತು, ಅವರ ಮುಖ ನೋಡಿ ನುಂಗಿಕೊಂಡೆ. ಕೋಣೆ ಹೋದದ್ದಕ್ಕಿಂತ ಈ ನೋವು ಹಳೆಯದು ಅನ್ನಿಸಿತು, ಪಾಪ ಅನ್ನಿಸಿತು.

ಡೈರೆಕ್ಟರ್ ಕೊನೆಗೆ ಸಿಕ್ಕಿದ್ದು ಬೇಗೂರಿನಲ್ಲಿ. ಅಲ್ಲಿ ಹಳೆಯ ದೇವಸ್ಥಾನದ ಹತ್ತಿರ, ಒಂದು ತೋಟದ ಮನೆಯ ಅಂಗಳದಲ್ಲಿ ಚಪ್ಪರ ಹಾಕಿ, ಸಾಲಾಗಿ ಬಾಳೆ ಎಲೆ ಹಾಕಿದ್ದರು. ಗಡ್ಡ, ಜುಬ್ಬಾ, ಹೆಗಲಿಗೆ ಚೀಲದ ಆ ಹುಡುಗನಿಗೆ ಮಾವ ತಮ್ಮ ಅಹವಾಲನ್ನು ಪೂರ್ತಿ ಹೇಳಿದರು. ಹುಡುಗ ಗಂಭೀರವಾಗಿ ಕೇಳಿದ.

"ಹೋದ ವಾರ ಬಂದಿದ್ರೆ ಏನಾದ್ರೂ ಮಾಡಬಹುದಿತ್ತು ಸಾರ್. ಪತ್ರಗಳೂ ಬಂದಿದ್ವು, ಬದುಕಿಸಿ ಅಂತ. ಇವತ್ತು ಅವರದ್ದು ವೈಕುಂಠ ಸಮಾರಾಧನೆ. ಎಲೆ ಹಾಕಿಬಿಟ್ಟಿದೀವಿ. ಇಷ್ಟೆಲ್ಲ ಆದ್ಮೇಲೆ ಬದುಕಿಸಿದ್ರೆ ಅಪಚಾರ ಆಗಲ್ವಾ?"

ಇಷ್ಟರಲ್ಲಿ ಪಂಕ್ತಿಯಲ್ಲಿ ಜನ ಕಡಿಮೆಯಿದ್ದಾರೆಂದು ಯಾರೋ ಮಾವನವರ ಭುಜ ಹಿಡಿದು ಕೂರಿಸಿಯೇ ಬಿಟ್ಟರು. ತಮ್ಮ ಕೋಣೆಯಲ್ಲಿ ಸತ್ತವನ ಸಮಾರಾಧನೆಯಲ್ಲಿ ಊಟ ಮಾಡುವುದಿಲ್ಲ ಎಂದು ಅವರು ಏಳಹೊರಟರು. ಒಬ್ಬಟ್ಟು ಬಡಿಸಿದ ಮೇಲೆ ಕುಳಿತರು.

ನಾನು ನೀರು ಹುಡುಕಿಕೊಂಡು ಮನೆಯ ಹಿಂದೆ ಹೋದೆ. ಹುಣಸೆ ಮರದ ಕೆಳಗೆ ಒಬ್ಬರು ಎಲೆ ಹಾಸಿಕೊಂಡು ಒಬ್ಬಟ್ಟಿಗೆ ತುಪ್ಪ ಹಾಕಿಕೊಳ್ಳುತ್ತಿದ್ದರು. ದೊಡ್ಡಪ್ಪ! ಅವರಿಗೆ ಇವತ್ತು ಕೆಲಸವಿರಲಿಲ್ಲ, ಸುಮ್ಮನೆ ಬಂದಿದ್ದರಂತೆ. "ನಮ್ಮ ಸಮಾರಾಧನೆ ಊಟ ನಾವೇ ಮಾಡೋ ಭಾಗ್ಯ ಎಷ್ಟು ಜನಕ್ಕೆ ಇರತ್ತಮ್ಮ?" ಎಂದರು. ಹಳೆಯ ನಾಟಕದ ಕಂಪನಿಗಳಲ್ಲಿದ್ದ ಮನುಷ್ಯ, ಎಷ್ಟೋ ಬಾರಿ ಸತ್ತು ಅಭ್ಯಾಸವಿತ್ತು. ನಾನು ಮಾವನವರ ಕಥೆ ಹೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಕೈತೊಳೆದು ಬಂದು ಮಾವನವರ ಪಕ್ಕ ನಿಂತು, "ನಡೀರಿ ಸ್ವಾಮಿ, ನಾನೇ ಬಂದು ಹೇಳ್ತೀನಿ," ಎಂದರು. "ಸತ್ತೋನೇ ಬಾಗಿಲಲ್ಲಿ ನಿಂತ್ರೆ ಯಾವ ಶಾಸ್ತ್ರ ಉಳಿಯತ್ತೆ?"

ಜೆ.ಪಿ. ನಗರ ತಲುಪುವಷ್ಟರಲ್ಲಿ ಇಬ್ಬರೂ ಹಳೆಯ ಗೆಳೆಯರ ಹಾಗಾಗಿದ್ದರು. ಮಾವನವರ ನಡಿಗೆಯೇ ಬದಲಾಗಿತ್ತು. ಕೋರ್ಟಿನಿಂದ ಸ್ಟೇ ತಂದವರ ಹಾಗೆ ಗೇಟು ತೆಗೆದರು. ಅತ್ತೆ ವರಾಂಡದಲ್ಲಿ ಒಣಗಿದ ಸಂಡಿಗೆ ತೆಗೆಯುತ್ತಿದ್ದರು. ತಲೆ ಎತ್ತಿ ನೋಡಿದವರು ಸೆರಗು ಸರಿಮಾಡಿಕೊಂಡು ಎದ್ದು ನಿಂತರು.

"ನೋಡು, ಯಾರು ಬಂದಿದಾರೆ ಅಂತ," ಎಂದರು ಮಾವ. "ಇನ್ನೇನು ಹೇಳ್ತೀಯ?"

ಅತ್ತೆ ಕುರ್ಚಿ ಹಾಕಿ, ಒಳಗೆ ಹೋಗಿ ಕಾಫಿ ತಂದರು. ಕಲಾವಿದರು ಒಂದು ಗುಟುಕು ಕುಡಿದು, ಗಂಟಲು ಸರಿಮಾಡಿಕೊಂಡು, ಧಾರಾವಾಹಿಯದೇ ದನಿಯಲ್ಲಿ ಹೇಳಿದರು. "ಅಮ್ಮಾ, ನಾನು ಗುಂಡುಕಲ್ಲಿನ ಹಾಗಿದೀನಿ. ಇವತ್ತು ಮೂರು ಒಬ್ಬಟ್ಟು ತಿಂದೆ. ಸತ್ತಿದ್ದೆಲ್ಲ ನಾಟಕ. ಪಾಪ, ಇವರ ರೂಮಿನ ಬೀಗ ತೆಗೆದುಬಿಡಿ."

"ನೂರು ವರ್ಷ ಬಾಳಿ ನೀವು," ಎಂದರು ಅತ್ತೆ. "ನಾಟಕ ಅಂತ ನನಗೆ ಗೊತ್ತಿಲ್ವಾ? ನಾನೇ ಬಾಗಿಲಲ್ಲಿ ನಿಂತು ನೋಡಿದೀನಿ, ಚಟ್ಟದ ಪಕ್ಕ ಕೂತು ಬೀಡಿ ಸೇದಿದ್ರಿ."

"ಮತ್ತೆ?" ಎಂದರು ಮಾವ, ಗೆದ್ದವರ ಹಾಗೆ.

ಅತ್ತೆ ಅವರ ಕಡೆ ನೋಡಲಿಲ್ಲ, ಕಲಾವಿದರಿಗೇ ಹೇಳಿದರು. "ನನಗೆ ಗೊತ್ತು ಸ್ವಾಮಿ. ಯಮನಿಗೆ ಗೊತ್ತಿರಬೇಕಲ್ಲ? ಅಂಥಾ ನಕ್ಷತ್ರದಲ್ಲಿ ಒಬ್ರು ಹೋದ್ರೆ, ಅದೇ ಜಾಗಕ್ಕೆ ಬಂದು ಇನ್ನೊಬ್ರನ್ನ ಕರ್ಕೊಂಡು ಹೋಗ್ತಾನೆ ಅಂತಾರೆ. ಅದಕ್ಕೇ ಮುಚ್ಚೋದು. ಸತ್ತೋರಿಗೋಸ್ಕರ ಅಲ್ಲ. ಆ ಮಂಚದ ಮೇಲೆ ಮಲಗೋರು ಯಾರು ಹೇಳಿ? ಇವರೊಬ್ರೇ." ಮೂಗೊರೆಸಿಕೊಂಡು ಮುಂದುವರಿಸಿದರು. "ಹೊದಿಸಿದ್ದೂ ಇವರದೇ ಪಂಚೆ. ಅದನ್ನ ಟಿ.ವಿ.ಲಿ ನೋಡಿದಾಗಿಂದ ನನಗೆ ಊಟ ಸೇರಲ್ಲ. ಸುಳ್ಳೇ ಇರಬಹುದು. ಸುಳ್ಳಾದ್ರೆ ಮೂರು ತಿಂಗಳು ಇವರಿಗೆ ಬೆನ್ನು ನೋಯತ್ತೆ, ನನ್ನನ್ನ ಬೈತಾರೆ. ನಿಜ ಆಗಿಬಿಟ್ರೆ ನಾನೇನು ಮಾಡ್ಲಿ?"

ಹೀಗೆಂದು ಸೊಂಟದಿಂದ ಬೀಗದಕೈ ತೆಗೆದು ಮಾವನವರ ಮುಂದೆ ಸಂಡಿಗೆ ತಟ್ಟೆಯ ಪಕ್ಕದಲ್ಲಿಟ್ಟರು. "ತೊಗೊಳ್ಳಿ. ಇಷ್ಟು ದೂರ ಹೋಗಿ ಇವರನ್ನ ಕರ್ಕೊಂಡು ಬಂದಿದೀರ. ತೆಕ್ಕೊಳ್ಳಿ."

ಕಲಾವಿದರು ಲೋಟದೊಳಗೆ ನೋಡುತ್ತಾ ಕುಳಿತರು. ನನಗಂತೂ ಅತ್ತೆಯ ಮುಖ ನೋಡಲಾಗಲಿಲ್ಲ.

ಮಾವ ಬೀಗದಕೈಯನ್ನು ನೋಡಿದರು. ಆಮೇಲೆ ಅದನ್ನು ಒಂದೇ ಬೆರಳಿನಿಂದ ಅತ್ತೆಯ ಕಡೆಗೆ ಸರಿಸಿದರು. ವರಾಂಡದ ಮೂಲೆಯಲ್ಲಿ ಸುತ್ತಿಟ್ಟಿದ್ದ ತಮ್ಮ ಹಾಸಿಗೆಯನ್ನು ಎತ್ತಿ ನನ್ನ ಕೈಗೆ ಕೊಟ್ಟರು.

"ಇದನ್ನ ಒಳಗೆ ಹಾಲ್‌ನಲ್ಲಿ ಹಾಸಮ್ಮ," ಎಂದರು. "ಆ ರೂಮಿನ ಬಾಗಿಲ ಹತ್ರ ಬೇಡ. ದೇವರಮನೆ ಕಡೆ ಹಾಸು. ಅವಳು ಹೆದರ್ಕೋತಾಳೆ."